ಸೇವ್ ಮಾಡಿಟ್ಟ ಎಂಟು ಗಂಟೆಯ ಬಸ್ಸು

ಅವರೆಕಾಯಿ ಸೊಗಡು ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಮೊನ್ನೆ ಸಂಜೆ ಅತ್ತೆ ಈ ವರ್ಷದ ಮೊದಲ ಬುಟ್ಟಿಯನ್ನು ನಡುಮನೆಯಲ್ಲಿ ಸುರಿದರು. ನಾನು ನಾಲ್ಕು ಹಿಡಿ ಸುಲಿದು, ಸೆರಗಿಗೆ ಕೈ ಒರೆಸಿಕೊಂಡು, ಮಗಳ ಶಾಲೆಯ ಯಾವುದೋ ಫಾರಂ ತುಂಬಲು ಲ್ಯಾಪ್‌ಟಾಪ್ ತೆರೆದೆ. ಮೌಸಿಗೆ ಆ ವಾಸನೆ ಹತ್ತಿಕೊಂಡಿತು. ಅಷ್ಟೇ, ಫಾರಂ ಮರೆತೇಹೋಯಿತು. ಎರಡು ವರ್ಷದ ಹಿಂದಿನ ಅವರೆಕಾಯಿ ಕಾಲ ಪೂರ್ತಿ ಈ ಲ್ಯಾಪ್‌ಟಾಪ್ ಹೀಗೇ ನಾರುತ್ತಿತ್ತು.

ಆ ಚಳಿಗಾಲದಲ್ಲಿ ಮುನಿರಾಜಣ್ಣ ಡ್ರೈವರ್ ಕೆಲಸ ಸಾಕು ಎಂದಿದ್ದರು. ನಮ್ಮ ದೊಡ್ಡಬೆಳವಂಗಲದ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವ ಬೆಳಗಿನ ಎಂಟು ಗಂಟೆಯ ಪ್ರೈವೇಟ್ ಬಸ್ಸನ್ನು ಅವರು ಎಷ್ಟು ಕಾಲದಿಂದ ಓಡಿಸುತ್ತಿದ್ದರೋ, ನನಗಂತೂ ಅವರಿಲ್ಲದ ಆ ಬಸ್ಸು ನೆನಪಿಲ್ಲ. ನನ್ನ ತವರು ಇಲ್ಲಿಂದ ಎರಡು ಸ್ಟಾಪ್ ಆಚೆ. ದಾರಿಯುದ್ದದ ಸಣ್ಣ ಸಣ್ಣ ಊರುಗಳಿಂದ ಹನ್ನೊಂದು ಜನ ಹುಡುಗಿಯರು ನೀಲಿ ಪಿನಾಫೋರ್ ಹಾಕಿಕೊಂಡು ಅದೇ ಬಸ್ಸಿನಲ್ಲಿ ದೊಡ್ಡಬಳ್ಳಾಪುರದ ಕಾನ್ವೆಂಟಿಗೆ ಹೋಗಿ ಬರುತ್ತಿದ್ದೆವು. ಊರು ಹತ್ತಿರವಾದಾಗ ಅವರು ಮೂರು ಸಲ ಹಾರ್ನ್ ಹೊಡೆಯುತ್ತಿದ್ದರು. ಅಷ್ಟು ಕೇಳಿದರೆ ಸಾಕು, ಅರ್ಧ ಹೆಣೆದ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡುವುದು.

ಹತ್ತನೇ ತರಗತಿಯ ಗಣಿತ ಪರೀಕ್ಷೆಯ ದಿನ ನಮ್ಮ ಮನೆಯ ಹಸು ಗೂಟ ಕಿತ್ತುಕೊಂಡು ನನ್ನ ಹಾಲ್ ಟಿಕೆಟ್ ಇದ್ದ ಚೀಲವನ್ನು ತುಳಿಯಿತು. ಚೀಲ ತೊಳೆದು, ಹಾಲ್ ಟಿಕೆಟ್ ಒರೆಸಿ ಹೊರಗೆ ಬರುವಷ್ಟರಲ್ಲಿ ಏಳು ನಿಮಿಷ ತಡ. ಬಸ್ಸು ನಿಂತೇ ಇತ್ತು. ಒಳಗಿದ್ದವರು ಗೊಣಗುತ್ತಿದ್ದರು. ಮುನಿರಾಜಣ್ಣ ಹಿಂದಕ್ಕೆ ತಿರುಗಿ, "ಹೆಣ್ಮಗೀಗೆ ಪರೀಕ್ಷೆ ಕಣ್ರಪ್ಪಾ. ನಿಮ್ದೇನು, ಸಂತೆ ತಾನೆ? ಬದ್ನೇಕಾಯಿ ಎಲ್ಲೂ ಓಡೋಗಲ್ಲ," ಎಂದರು. ನಾನು ಆ ಪರೀಕ್ಷೆ ಬರೆದೆ. ಆ ಏಳು ನಿಮಿಷಕ್ಕೆ ಅವರಿಗೆ ಥ್ಯಾಂಕ್ಸ್ ಹೇಳುವುದು ಮಾತ್ರ ಇಪ್ಪತ್ತು ವರ್ಷವಾದರೂ ಬಾಕಿಯೇ ಇತ್ತು.

ಹಾಗಾಗಿ ನಮ್ಮ ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಬೀಳ್ಕೊಡುಗೆಯ ಮಾತು ಎದ್ದಾಗ, ವಿಡಿಯೋ ಮಾಡೋಣ, ನಾನೇ ಎಡಿಟ್ ಮಾಡ್ತೀನಿ ಎಂದು ಹೇಳಿದವಳು ನಾನು. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಮದುವೆಯಾದ ಮೇಲೆ ಅಡುಗೆಮನೆಯ ಆಚೆ ನಾನು ಒಪ್ಪಿಕೊಂಡ ಮೊದಲ ಕೆಲಸ ಅದು. ಇವರು ನೆಲಮಂಗಲದ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಅಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳನ್ನು ತೆಗೆದುಹಾಕಿದಾಗ ಒಂದನ್ನು ಮನೆಗೆ ತಂದಿದ್ದರು. ಅದಕ್ಕೆ ಪುಕ್ಕಟೆ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಸಿಕೊಂಡು, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಯೂಟ್ಯೂಬ್ ನೋಡಿ ನೋಡಿ ಕಲಿತೆ. ಕ್ಲಿಪ್ಪುಗಳನ್ನು ಒಂದರ ಪಕ್ಕ ಒಂದು ಜೋಡಿಸುವುದು, ಬೇಡದ್ದನ್ನು ಕತ್ತರಿಸುವುದು, ಮೇಲೆ ಹೆಸರು ಬರೆಯುವುದು. ರಂಗೋಲಿ ಚುಕ್ಕೆ ಸೇರಿಸಿದ ಹಾಗೆ, ಬೆರಳಿಗೆ ಒಂದು ಸಲ ಹತ್ತಿದರೆ ಬಿಡಲು ಮನಸ್ಸು ಬಾರದು.

ಆದರೆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದರೆ ಅದೂ ಹೋಗುತ್ತಿತ್ತು. ಎರಡು ಸಲ ಹಾಗೆ ಇಡೀ ಮಧ್ಯಾಹ್ನದ ಕೆಲಸ ಹೋದ ಮೇಲೆ ಅತ್ತೆಯೇ ಕಾವಲಿಗೆ ನಿಂತರು. ಹಿತ್ತಲಲ್ಲಿ ಕೂತು ಹಿತುಕಿದ ಬೇಳೆಗೆಂದು ನೆನೆದ ಅವರೆಕಾಳನ್ನು ಸಿಪ್ಪೆಯಿಂದ ಹಿತುಕುತ್ತಾ, ಬಲ್ಬು ಒಂಚೂರು ಮಿಣುಕಿದರೆ ಸಾಕು, "ಶೈಲಾ, ಕರೆಂಟು ಓಗ್ತದೆ, ಸೇವ್ ಮಾಡ್ಕೊಳೇ!" ಎಂದು ಕೂಗುವರು. ಸೇವ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಪೂರ್ತಿ ಗೊತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ನನ್ನದೂ ಸೇರಿ ಹನ್ನೊಂದು ಕ್ಲಿಪ್ಪುಗಳಾದವು. ಯಾರೂ ತಡವರಿಸಬಾರದೆಂದು ಎಲ್ಲರಿಗೂ ಮಾತುಗಳನ್ನು ನಾನೇ ಬರೆದುಕೊಟ್ಟಿದ್ದೆ. 'ಮಾನ್ಯ ಮುನಿರಾಜಣ್ಣನವರೇ, ತಾವು ನಮ್ಮ ವಿದ್ಯಾಭ್ಯಾಸದ ಪಯಣದ ಸಾರಥಿ...' ಲತಾ, ಸುಗುಣ, ನಸೀಮಾ, ಎಲ್ಲರೂ ಇಸ್ತ್ರಿ ಸೀರೆ ಉಟ್ಟು, ಗೋಡೆಗೆ ಒರಗಿ ನಿಂತು, ಪ್ರತಿಜ್ಞೆ ಓದಿದ ಹಾಗೆ ಓದಿದ್ದರು. ಇದಲ್ಲದೆ ನಾನೇ ಒಂದು ಬೆಳಿಗ್ಗೆ ಮಂಜಿನಲ್ಲಿ ಸ್ಟಾಪಿನಲ್ಲಿ ನಿಂತು, ಬಸ್ಸು ಬರುವುದನ್ನೂ ಅದರ ಮೂರು ಹಾರ್ನನ್ನೂ ಹಿಡಿದಿದ್ದೆ. ಎಲ್ಲ ಜೋಡಿಸಿದಾಗ ಒಂಬತ್ತು ನಿಮಿಷ ನಲವತ್ತು ಸೆಕೆಂಡ್ ಆಯಿತು. 'ಎಂಟು ಗಂಟೆ ಬಸ್ಸು' ಎಂದು ಪ್ರಾಜೆಕ್ಟಿಗೆ ಹೆಸರಿಟ್ಟು ಸೇವ್ ಒತ್ತಿದೆ.

ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮಗೆ ಒಂದು ಅಭ್ಯಾಸ ಮಾಡಿಸಿದ್ದರು. ಗಂಟೆ ಹೊಡೆಯುವ ಮುಂಚೆ ಡೆಸ್ಕ್ ಖಾಲಿ ಇರಬೇಕು. ಹೊಲಿದ ಬಟ್ಟೆ ಪೆಟ್ಟಿಗೆಯೊಳಗೆ, ತುಂಡು ದಾರ ಕಸದ ಬುಟ್ಟಿಗೆ. ಒಂದೆಳೆ ಉಳಿದರೂ ಮಾರ್ಕು ಹೋಗುತ್ತಿತ್ತು. ಲ್ಯಾಪ್‌ಟಾಪ್ ಆಗ ಜಾಗ ಇಲ್ಲ, ಜಾಗ ಇಲ್ಲ ಎಂದು ದಿನಕ್ಕೆ ಮೂರು ಸಲ ಹೇಳುತ್ತಿತ್ತು. ಹೊಲಿದದ್ದು ಸೇವ್ ಆಯಿತಲ್ಲ, ಇನ್ನು ತುಂಡು ದಾರ ಯಾಕೆ? ಕ್ಲಿಪ್ಪುಗಳಿದ್ದ ಫೋಲ್ಡರನ್ನು ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಫೋನಿನಲ್ಲಿದ್ದುದನ್ನೂ ತೆಗೆದೆ. ಅಲ್ಲಿಗೂ ಸುಮ್ಮನಾಗದೆ ಗುಂಪಿನಲ್ಲಿ ಬರೆದೆ: 'ಪ್ರಾಜೆಕ್ಟ್ ಸೇವ್ ಆಯ್ತು. ಎಲ್ಲರೂ ನಿಮ್ಮ ನಿಮ್ಮ ಫೋನ್ ಖಾಲಿ ಮಾಡ್ಕೊಳ್ಳಿ.' ಅರ್ಧ ಗಂಟೆಯೊಳಗೆ ಒಂಬತ್ತು ಹೆಬ್ಬೆರಳು ಬಂದವು. ಎಲ್ಲರೂ ಅದೇ ಸಿಸ್ಟರ್ ಬೆಳೆಸಿದ ಮಕ್ಕಳು.

ಮೂರು ದಿನ ಬಿಟ್ಟು ಭಾನುವಾರ ಇವರು ಮನೆಯಲ್ಲಿದ್ದರು. "ಎಲ್ಲಿ, ತೋರ್ಸು ನೋಡೋಣ ನಿನ್ ಪಿಚ್ಚರು," ಎಂದು ಕುರ್ಚಿ ಎಳೆದುಕೊಂಡು ಕೂತರು. ಅತ್ತೆಯೂ ಬೇಳೆಯ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಬಂದರು. ಪ್ರಾಜೆಕ್ಟ್ ತೆರೆಯಿತು. 'ನಮ್ಮ ಮುನಿರಾಜಣ್ಣ' ಎಂದು ಹಳದಿ ಅಕ್ಷರ ತಿರುಗುತ್ತಾ ಬಂತು. ಅದರ ಹಿಂದೆ ಬರೀ ಕೆಂಪು. ಲತಾ ಇದ್ದ ಕಡೆ ಕೆಂಪು, ಸುಗುಣ ಇದ್ದ ಕಡೆ ಕೆಂಪು, ಬಸ್ಸಿದ್ದ ಕಡೆಯೂ ಕೆಂಪು. ಫೈಲ್ ಸಿಗುತ್ತಿಲ್ಲ, ಎಲ್ಲಿದೆ ತೋರಿಸಿ ಎಂದು ಅದು ನನ್ನನ್ನೇ ಕೇಳುತ್ತಿತ್ತು. ಒಂಬತ್ತು ನಿಮಿಷ ನಲವತ್ತು ಸೆಕೆಂಡ್ ಮಾತ್ರ ಒಂದು ಸೆಕೆಂಡೂ ಹೆಚ್ಚು ಕಡಿಮೆಯಾಗದೆ ಹಾಗೇ ಇತ್ತು.

"ಚೆನ್ನಾಗಿದೆ," ಎಂದರು ಅತ್ತೆ. "ಬಣ್ಣ ಒಂಚೂರು ಜಾಸ್ತಿ ಆಯ್ತು."

ಇವರು ಅಲ್ಲಿ ಇಲ್ಲಿ ಒತ್ತಿ ನೋಡಿ, ತಲೆ ಕೆರೆದುಕೊಂಡು, ಗೋಡೌನಿನ ಭಾಷೆಯಲ್ಲಿ ವಿವರಿಸಿದರು. "ಲೇ, ನೀನು ಸೇವ್ ಮಾಡಿರೋದು ಚೀಟಿ ಕಣೆ. ಯಾವ ಡಬ್ಬ ಯಾವ ರ್‍ಯಾಕಲ್ಲಿದೆ ಅನ್ನೋ ಚೀಟಿ. ಡಬ್ಬಗಳನ್ನ ಲಾರಿಗಾಕಿ ಕಳಿಸ್ಬಿಟ್ಟಿದೀಯ."

"ಎಲ್ಲಿಗೆ ಕಳಿಸಿದೀನಿ ರೀ?"

"ಅದೇ ಯಾರ್ಗೂ ಗೊತ್ತಿಲ್ಲ."

ಎಡಿಟಿಂಗ್ ಮುಗಿದ ಮೇಲೆ ಎಲ್ಲವನ್ನೂ ಸೇರಿಸಿ ಒಂದು ವಿಡಿಯೋ ಆಗಿ ಹೊರಗೆ ತೆಗೆಯಬೇಕು, ಅದಕ್ಕೆ ಎಕ್ಸ್‌ಪೋರ್ಟ್ ಎಂಬ ಬೇರೆಯೇ ಬಟನ್ ಇದೆ ಎಂದು ನನಗೆ ಅವತ್ತು ತಿಳಿಯಿತು. ಬೀಳ್ಕೊಡುಗೆಗೆ ಇನ್ನು ಹದಿನಾಲ್ಕು ದಿನ. ಅಡುಗೆಮನೆಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಹಿಂದೆಯೇ ಬಂದರು. ಅವರ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. "ಎಲ್ಲಾ ಕಾಳ್ನೂ ಹಿತುಕಿ ಸಾರು ಮಾಡ್ಬಿಟ್ರೆ ಮುಂದ್ಲೊರ್ಷಕ್ಕೆ ಏನ್ ಬಿತ್ತೀಯ? ಬಿತ್ನೇಗೆ ಅಂತ ಒಂದು ಡಬ್ಬಿ ಎತ್ತಿಡ್ಬೇಕು ಕಣಮ್ಮ. ಓಗ್ಲಿ ಬಿಡು. ಸಾರು ತಾನೆ ಓಗಿರೋದು, ಜನ ಅವ್ರಲ್ಲ. ಇನ್ನೊಂದ್ಸಲ ಕೇಳು."

ಕೇಳುವುದೇ ಕಷ್ಟವಾಗಿತ್ತು. ಗುಂಪಿನಲ್ಲಿ ಬರೆಯಲು ಮೂರು ಸಲ ಹೊರಟು ಮೂರು ಸಲವೂ ಅಳಿಸಿದೆ. ಕೊನೆಗೆ, ತಪ್ಪು ನನ್ನದು, ಎಲ್ಲ ಹೋಯಿತು, ಇನ್ನೊಮ್ಮೆ ಕಳಿಸುತ್ತೀರಾ ಎಂದಷ್ಟೇ ಬರೆದು ಫೋನನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿದೆ. ಮೊದಲು ಬಂದದ್ದು ನಸೀಮಾಳ ವಾಯ್ಸ್ ಮೆಸೇಜ್. ಅವಳು ಹೊಸಕೋಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಮುಕ್ಕಾಲು ನಿಮಿಷ ಬರೀ ನಗು. ಆಮೇಲೆ, "ಅರೇ ಶೈಲಾ, ನಂದು ಇದೆ ಕಣೇ! ನಾನು ಯಾವತ್ತು ಡೆಸ್ಕ್ ಕ್ಲೀನ್ ಮಾಡಿದೀನಿ ಹೇಳು? ಫೋನಲ್ಲಿ ನಾಲ್ಕು ವರ್ಷದ್ದು ಎಲ್ಲಾ ಹಂಗೇ ಬಿದ್ದಿದೆ. ಸಿಸ್ಟರ್‌ಗೆ ಹೇಳು, ಇವತ್ತು ನಂಗೆ ಫುಲ್ ಮಾರ್ಕ್ಸು!"

ಹನ್ನೊಂದರಲ್ಲಿ ಉಳಿದದ್ದು ಆ ಒಂದೇ. ಮಿಕ್ಕವರು ಮತ್ತೆ ಮಾಡಬೇಕಾಯಿತು. ಆದರೆ ಈ ಸಲ ಯಾರಿಗೂ ಇಸ್ತ್ರಿ ಸೀರೆ ಉಡುವ ವ್ಯವಧಾನವಿರಲಿಲ್ಲ. ಸಂಕ್ರಾಂತಿ ಹತ್ತಿರ, ಎಲ್ಲರ ಮನೆಯಲ್ಲೂ ಕೊಬ್ಬರಿ ಹೆಚ್ಚುವುದು, ಕಡಲೆಕಾಯಿ ಬೀಜ ಹುರಿಯುವುದು ನಡೆದಿತ್ತು. ನಾನು ಬರೆದುಕೊಟ್ಟ ಚೀಟಿಯನ್ನು ಡೆಸ್ಕ್ ಖಾಲಿ ಮಾಡುವಾಗ ಅವರು ಎಸೆದಾಗಿತ್ತು. ನಂದಗುಡಿಗೆ ಕೊಟ್ಟಿರುವ ಸುಗುಣ ಹಾಲು ಕರೆಯುತ್ತಲೇ, ಫೋನನ್ನು ಹುಲ್ಲಿನ ಹೊರೆಗೆ ಒರಗಿಸಿ ಮಾತಾಡಿದಳು. "ಮುನಿರಾಜಣ್ಣ, ನನ್ನ ಟಿಫನ್ ಡಬ್ಬಿ ಬಸ್ಸಲ್ಲೇ ಬಿಟ್ಟಾಗ ತಿರ್‍ಗಾ ಸ್ಕೂಲ್ ಗೇಟಿಗೆ ಬಂದು ಕೊಟ್ಟಿದ್ರಿ. ಚಿತ್ರಾನ್ನ ಅರ್ಧ ಇರ್ಲಿಲ್ಲ. ಕಂಡಕ್ಟರ್ ಮೇಲೆ ಹೇಳಿದ್ರಿ. ನಿಮ್ಮ ಮೀಸೇಲಿ ಕಡ್ಲೇಬೇಳೆ ಇತ್ತು, ನಾನು ನೋಡ್ದೆ." ಲತಾ ನೆಲಮಂಗಲದ ತನ್ನ ಮನೆಯ ಟೆರೇಸಿನ ಮೇಲೆ, ಹಿಂದೆ ಹೈವೇಯ ಲಾರಿಗಳು ಗುಡುಗುತ್ತಿರುವಾಗ, ತನ್ನ ಚಪ್ಪಲಿಯ ಕತೆ ಹೇಳಿದಳು. ಫುಟ್‌ಬೋರ್ಡಿನಿಂದ ಒಂದು ಚಪ್ಪಲಿ ಬಿದ್ದದ್ದಕ್ಕೆ ಇಡೀ ಬಸ್ಸನ್ನು ರಿವರ್ಸ್ ತೆಗೆದಿದ್ದರಂತೆ. ಇದನ್ನೆಲ್ಲ ನೋಡಿದ ನಸೀಮಾ, "ನಂದೊಂದೇ ಸರ್ಕಾರಿ ಭಾಷಣ ಆಗ್ಬಿಡ್ತಲ್ಲೇ!" ಎಂದು ತಾನೂ ಹೊಸದಾಗಿ ಮಾಡಿ ಕಳಿಸಿದಳು.

ನಾನು ಜಾಣತನ ಮಾಡಲು ಹೋಗಿ ಹೊಸ ಕ್ಲಿಪ್ಪುಗಳಿಗೆ ಹಳೆಯ ಹೆಸರನ್ನೇ ಇಟ್ಟು ಪ್ರಾಜೆಕ್ಟ್ ತೆರೆದೆ. ಬಸ್ಸಿನದೂ ನನ್ನದೂ ಬಿಟ್ಟು ಕೆಂಪೆಲ್ಲ ಮಾಯವಾಗಿ ಮುಖಗಳು ಬಂದವು. ಖುಷಿಗೆ ಅತ್ತೆಯನ್ನು ಕೂಗಿದೆ. ಆದರೆ ಸಾಫ್ಟ್‌ವೇರಿಗೆ ಹಳೆಯ ಕತ್ತರಿಯ ಗುರುತುಗಳಷ್ಟೇ ಗೊತ್ತು. ಭಾಷಣವನ್ನು ಎಲ್ಲಿ ಕತ್ತರಿಸಿದ್ದೆನೋ ಅಲ್ಲೇ ಕತೆಗಳನ್ನೂ ಕತ್ತರಿಸಿತ್ತು. "ಮುನಿರಾಜಣ್ಣ, ಅವತ್ತು ನನ್ನ ಚಪ್ಪಲಿ..." ಎಂದು ಲತಾ ಬಾಯಿ ತೆರೆಯುತ್ತಲೇ ಹಾರಿಹೋಗಿ, ಸುಗುಣ ಬಂದು, "...ಕಡ್ಲೇಬೇಳೆ ಇತ್ತು, ನಾನು ನೋಡ್ದೆ," ಎಂದಳು.

"ಚಪ್ಲೀಲಿ ಕಡ್ಲೇಬೇಳೆನಾ?" ಎಂದರು ಅತ್ತೆ.

ಅಂಚುಗಳನ್ನು ಹಿಡಿದೆಳೆದು ಎಲ್ಲವನ್ನೂ ಹೊಸದಾಗಿ ಕೂರಿಸಿದೆ. ನನಗಾಗಿ ಬಸ್ಸು ಕಾದ ಏಳು ನಿಮಿಷದ ಮಾತನ್ನೂ ಒಲೆಯ ಮುಂದೆ ನಿಂತು ಹೇಳಿ ಸೇರಿಸಿದೆ. ಒಂದೇ ಒಂದು ಕೊರತೆ ಉಳಿಯಿತು. ಹಾರ್ನ್. ಮತ್ತೆ ಹಿಡಿಯೋಣವೆಂದು ಬೆಳಿಗ್ಗೆ ಸ್ಟಾಪಿಗೆ ಹೋದರೆ ಬಸ್ಸು ಪೀಂ ಎಂದು ಬೆಕ್ಕಿನಮರಿಯಂತೆ ಕೂಗಿಕೊಂಡು ಬಂತು. ಆ ವಾರವಷ್ಟೇ ತಪಾಸಣೆಯಲ್ಲಿ ಜೋರು ಹಾರ್ನುಗಳನ್ನು ತೆಗೆಸಿದ್ದರಂತೆ. ಬಸ್ಸಿದೆ, ಮುನಿರಾಜಣ್ಣ ಇದ್ದಾರೆ, ಆ ಸದ್ದು ಮಾತ್ರ ಲೋಕದಲ್ಲಿ ಎಲ್ಲಿಯೂ ಇಲ್ಲ. ಇದ್ದ ಒಂದನ್ನು ನಾನೇ ಕಸದ ಬುಟ್ಟಿಗೆ ಹಾಕಿದ್ದೆ. ಕಣ್ಣಲ್ಲಿ ನೀರು ಬಂದದ್ದು ಅವತ್ತು.

"ಅದಕ್ಕೇನೇ? ಬಾಯಲ್ಲಿ ಹೊಡೆಯೋಣ," ಎಂದಳು ನಸೀಮಾ.

ಹೊಡೆದೆವು. ನಾವು ಹನ್ನೊಂದು ಜನ, ಮಕ್ಕಳ ತಾಯಂದಿರು, ಕೈಯನ್ನು ಬಾಯಿಯ ಸುತ್ತ ಹಿಡಿದು ಪೋಂ, ಪೋಂ, ಪೋಂ ಎಂದು ಕೂಗಿ ಕಳಿಸಿದೆವು. ಸುಗುಣಳ ಹಸು ಬೆಚ್ಚಿ ಒದ್ದದ್ದೂ ಅದರಲ್ಲಿತ್ತು. ಆದರೆ ಜಗಳ ಹತ್ತಿತು. ಮೊದಲೆರಡು ಹಾರ್ನ್ ಎಲ್ಲರದೂ ಒಂದೇ. ಮೂರನೆಯದು ಒಬ್ಬೊಬ್ಬರದು ಒಂದೊಂದು ಅಳತೆ. ನನ್ನದು ಚಿಕ್ಕದು. ಲತಾಳದು ಅದಕ್ಕಿಂತ ಉದ್ದ. ನಸೀಮಾಳದು ಉಸಿರು ಕಟ್ಟುವವರೆಗೂ ಮುಗಿಯುವುದೇ ಇಲ್ಲ.

"ಲೇ, ಅದು ಬಸ್ಸಾ ಇಲ್ಲ ರೈಲಾ?" ಎಂದಳು ಲತಾ.

"ನಂಗೆ ಹಂಗೇ ಕೇಳ್ಸಿದ್ದು. ನಿಂಗೇ ಕಿವಿ ಸರಿ ಇಲ್ಲ."

"ಕಿವಿ ನಂದು ಸರಿಯಾಗೇ ಇದೆ. ನಿಂಗೆ ನೆನಪು ಸರಿ ಇಲ್ಲ."

ಎರಡು ದಿನ ಇದೇ ನಡೆಯಿತು. ಕೊನೆಗೆ ನಾನು ನ್ಯಾಯಾಧೀಶೆಯಾದೆ. ಹನ್ನೊಂದು ಜನರ ಮೂರನೇ ಹಾರ್ನನ್ನೂ ಒಂದೇ ಅಳತೆಗೆ ಕತ್ತರಿಸಿದೆ. ನಸೀಮಾಳದರ ಮುಕ್ಕಾಲು ಪಾಲು ಹೋಯಿತು. ಅಂಚು ಹೊಲಿದ ಕರ್ಚೀಫುಗಳಂತೆ ಸಾಲಾಗಿ, ಒಪ್ಪವಾಗಿ ಕೂತವು. ಸೇವ್ ಮಾಡಿದೆ. ಎಕ್ಸ್‌ಪೋರ್ಟ್ ಮಾಡಿದೆ. ಈ ಸಲ ಒಂದು ದಾರವನ್ನೂ ಎಸೆಯಲಿಲ್ಲ. ಮಗಳ ಆಟಗಳನ್ನು ತೆಗೆದು ಜಾಗ ಮಾಡಿಕೊಂಡೆ. ಪ್ರಾಜೆಕ್ಟು, ಕ್ಲಿಪ್ಪುಗಳು ಎಲ್ಲವನ್ನೂ ಒಂದು ಪೆನ್‌ಡ್ರೈವಿಗೂ ಹಾಕಿ, ಅತ್ತೆ ಬೇವಿನೆಲೆ ಹಾಕಿ ಬಿತ್ತನೆ ಅವರೆ ಇಟ್ಟಿದ್ದ ಡಬ್ಬಿಯೊಳಗೆ ಇಟ್ಟೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮಧ್ಯಾಹ್ನ ಹಾಲಿನ ಡೇರಿಯ ಕೋಣೆಯಲ್ಲಿ ಬೀಳ್ಕೊಡುಗೆ. ಹನ್ನೊಂದು ಜನವೂ ಬಂದಿದ್ದೆವು. ಮುನಿರಾಜಣ್ಣ ಬಿಳಿ ಶರ್ಟಿನ ಮೇಲೆ ಮಫ್ಲರ್ ಸುತ್ತಿಕೊಂಡು, ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಕೂತಿದ್ದರು. ಟಿವಿಯಲ್ಲಿ ವಿಡಿಯೋ ಶುರುವಾಯಿತು. ಚಪ್ಪಲಿಯ ಕತೆಗೆ ನಕ್ಕರು. ಕಡಲೆಬೇಳೆ ಬಂದಾಗ ಮೀಸೆ ಮುಟ್ಟಿಕೊಂಡು ಹೆಂಡತಿಯ ಕಡೆ ಕಳ್ಳನಂತೆ ನೋಡಿದರು. ನನ್ನ ಏಳು ನಿಮಿಷ ಬಂದಾಗ ಟಿವಿ ಬಿಟ್ಟು ನನ್ನನ್ನೇ ಹುಡುಕಿ, "ಪಾಸಾದ್ಯಾ ಮಗಾ ಆ ಪರೀಕ್ಷೇಲಿ?" ಎಂದರು. ಇಪ್ಪತ್ತು ವರ್ಷದ ಮೇಲೆ!

"ಆದೆ ಅಣ್ಣ. ಎಂಬತ್ತೆರಡು."

"ಮತ್ತೆ!" ಎಂದು ಊರವರ ಕಡೆ ತಿರುಗಿದರು, ಪರೀಕ್ಷೆ ತಾವೇ ಬರೆದವರಂತೆ.

ಕೊನೆಯಲ್ಲಿ ಹಾರ್ನುಗಳು ಬಂದವು. ಪೋಂ, ಪೋಂ, ಪೋಂ. ಪೋಂ, ಪೋಂ, ಪೋಂ. ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುನಿರಾಜಣ್ಣನೂ ನಕ್ಕರು, ಆದರೆ ಮುಗಿದ ಮೇಲೆ ಕೈಯೆತ್ತಿದರು.

"ಎಲ್ಲಾ ಸರಿ ಕಣ್ರಮ್ಮಾ. ಮೂರ್‍ನೇದು ಮಾತ್ರ ತಪ್ಪು."

"ನೋಡ್ದಾ!" ಎಂದಳು ನಸೀಮಾ. "ನಾನು ಎಷ್ಟುದ್ದ ಹೊಡೆದಿದ್ದೆ, ಇವಳೇ ಕತ್ತರಿಸಿದ್ದು. ಎಷ್ಟುದ್ದ ಅಣ್ಣ ಅದು? ನೀವೇ ಹೇಳ್ಬಿಡಿ."

"ಅದಕ್ಕೆಲ್ಲಿ ಬಂತು ಅಳ್ತೆ?" ಎಂದರು ಮುನಿರಾಜಣ್ಣ. "ಮೊದ್ಲೆರಡು ಊರ್ಗೆಲ್ಲಾ. ಮೂರ್‍ನೇದು ನಿಮ್ಗೆ. ನಿಮ್ಮನೆ ಬಾಗ್ಲು ನೋಡ್ಕೊಂಡು ಒತ್ತಿಡ್ತಿದ್ದೆ. ನೀವು ಆಚೆಗೆ ಬಂದಿದ್ದು ಕಂಡ ಮೇಲೆ ಕೈ ತೆಗೀತಿದ್ದೆ." ನಸೀಮಾಳ ಕಡೆ ಬೆರಳು ಮಾಡಿದರು. "ಈ ತಾಯಿ ಒಂದಿನ ಆದ್ರೂ ಬೇಗ ಬಂದಿದ್ದುಂಟಾ?"

ನಸೀಮಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಮ್ಮೆಲ್ಲರ ಕಿವಿಯೂ ಸರಿಯಾಗಿತ್ತು, ನೆನಪೂ ಸರಿಯಾಗಿತ್ತು. ಒಪ್ಪ ಮಾಡಲು ಹೋಗಿ ಕೆಡಿಸಿದವಳು ನಾನೊಬ್ಬಳೇ.

ಅವತ್ತು ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಪ್ರಾಜೆಕ್ಟ್ ತೆರೆದೆ. ಕೆಂಪು ಎಲ್ಲೂ ಇರಲಿಲ್ಲ. ನಸೀಮಾಳ ಕ್ಲಿಪ್ಪಿನ ಅಂಚನ್ನು ಹಿಡಿದು ಬಲಕ್ಕೆ ಎಳೆದೆ. ನಾನು ಕತ್ತರಿಸಿದ್ದು ಎಲ್ಲಿಗೂ ಹೋಗಿರಲಿಲ್ಲ; ಮಡಿಸಿ ಒಳಗೆ ಹೊಲಿದ ಬಟ್ಟೆಯ ಹಾಗೆ ಅಲ್ಲೇ ಇತ್ತು, ಎಳೆದಷ್ಟೂ ಬಂತು. ಒಂದೊಂದಾಗಿ ಹನ್ನೊಂದನ್ನೂ ಅವರವರ ಉದ್ದಕ್ಕೆ ಬಿಟ್ಟುಕೊಟ್ಟೆ. ಬಲ್ಬು ಮಿಣುಕಿತು. ಹಿತ್ತಲಿಂದ ಕೂಗು ಬರುವ ಮೊದಲೇ ಸೇವ್ ಒತ್ತಿದೆ. ಹೊಸದಾಗಿ ತೆಗೆದ ವಿಡಿಯೋವನ್ನು ಮಾರನೇ ದಿನವೇ ಮುನಿರಾಜಣ್ಣನ ಫೋನಿಗೆ ಕಳಿಸಿದೆ. ಹಾಲು ಕರೆಯುವಾಗ ಹಾಕಿಕೊಂಡು ಕೂರುತ್ತಾರಂತೆ. ಅವರ ಎರಡು ಹಸುಗಳಿಗೂ ಅಭ್ಯಾಸವಾಗಿದೆಯಂತೆ.

ಮೊನ್ನೆಯೂ ಅದನ್ನೇ ತೆರೆದೆ. ಅವರೆಕಾಯಿ ವಾಸನೆಯ ಮೌಸಿನಿಂದ ಕೊನೆಗೆ ಸರಿಸಿ, ಸೌಂಡ್ ಜೋರು ಮಾಡಿ ಬಿಟ್ಟೆ. ನನ್ನ ಚಿಕ್ಕ ಹಾರ್ನು ಮುಗಿಯಿತು, ಲತಾಳದು ಮುಗಿಯಿತು, ಸುಗುಣಳ ಹಸು ಒದೆಯಿತು. ನಸೀಮಾಳದು ಶುರುವಾಗಿ, ಹೋಗುತ್ತಲೇ ಇತ್ತು.

ನಡುಮನೆಯಲ್ಲಿ ಕಾಯಿ ಸುಲಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಇನ್ನೂ ಆಚೆಗೆ ಬರ್ಲಿಲ್ವೇನೇ ಆ ಹುಡ್ಗಿ?"